ಪ್ರಕೃತಿ ವಿಕೋಪ ಮತ್ತು ದತ್ತಾಂಶ ಸಂಗ್ರಹಣಾ ಸಾಧನಗಳ ಪೂರೈಕೆ

ಹೊಸಕೋಟೆ ಉಪ ನೋಂದಣಾಧಿಕಾರಿಗಳ ಕಛೇರಿಯಲ್ಲಿ 2004ರ ನಂತರದ ವರ್ಷಗಳಲ್ಲಿ ನೋಂದಣಿಯಾದ ಕ್ರಯಪತ್ರವು ತಮ್ಮ ಬಳಿ ಇದ್ದಲ್ಲಿ, ಅದರ ನೋಂದಣಿ ಮೊಹರನ್ನು ಗಮನಿಸಬಹುದು. ದಸ್ತಾವೇಜು ಸಂಖ್ಯೆಯೊಂದಿಗೆ ಸಿ.ಡಿ. ಸಂಖ್ಯೆಯೂ ಅಲ್ಲಿ ನಮೂದಾಗಿರುತ್ತದೆ. ಕಾವೇರಿ ತಂತ್ರಾಂಶ ಜಾರಿಗೆ ಬಂದ ಮೇಲೆ ಪತ್ರಗಳನ್ನು ಸ್ಕ್ಯಾನ್ ಮಾಡಿ ಸಿ.ಡಿ.ಗಳಲ್ಲಿ ಶೇಖರಿಸಲಾಯಿತೆಂಬುದಕ್ಕೆ ಇದು ಗುರುತು. ಪಹಣಿಯ ಸಂಗತಿಯೂ ಇಂತಹುದೇ. ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಗಿದ್ದು, ತರುವಾಯ ಕೈಬರಹದ ಪಹಣಿಗೆ ಮಾನ್ಯತೆ ಉಳಿದಿಲ್ಲ. ಕಸಬಾ, ಸೂಲಿಬೆಲೆ, ನಂದಗುಡಿ, ಜಡಿಗೇನಹಳ್ಳಿ, ಅನುಗೊಂಡನಹಳ್ಳಿ ಹೋಬಳಿಗಳ ರೈತರ ಜಮೀನಿನ ಹಕ್ಕು ಇಂದು ಇಂತಹ ಸಾಧನಗಳಲ್ಲಿರುವ ದಾಖಲೆಯನ್ನು ಅವಲಂಬಿಸಿದೆ.

ಆದರೆ ಇದು ಶಿಲಾಶಾಸನದಂತೆ ಒಮ್ಮೆ ಕೆತ್ತಿ ನಿಲ್ಲಿಸಿಬಿಡುವ ಕೆಲಸವಲ್ಲ. ಸತತವಾಗಿ ಚಾಲನೆಯಲ್ಲಿರುವ ಹಾರ್ಡ್ ಡಿಸ್ಕ್‌ಗಳನ್ನು ಕೆಲವೇ ವರ್ಷಗಳಲ್ಲಿ ಬದಲಿಸಬೇಕಾಗುತ್ತದೆ. ಬರೆಯಬಹುದಾದ ಸಿ.ಡಿ.ಯ ಬಣ್ಣದ ಪದರವು ಬಿಸಿಲು ಹಾಗೂ ತೇವಾಂಶಗಳಿಂದ ಕೆಡುತ್ತದೆ. ದಾಖಲೆ ಉಳಿಯಬೇಕಾದರೆ ಅದನ್ನು ಕಾಲಕಾಲಕ್ಕೆ ಹೊಸ ಸಾಧನಕ್ಕೆ ನಕಲು ಮಾಡುತ್ತಿರಬೇಕು. ಆ ಹೊಸ ಸಾಧನ ಆ ವೇಳೆಗೆ ಮಾರುಕಟ್ಟೆಯಲ್ಲಿ ದೊರೆಯಬೇಕು. ದೂರದೇಶದ ನೆರೆ ನಮ್ಮನ್ನು ಮುಟ್ಟುವುದು ಈ ಹಂತದಲ್ಲಿ.

2011ರ ಮುಂಗಾರಿನಲ್ಲಿ ಥಾಯ್ಲೆಂಡ್ ದೇಶದ ಜಲಾಶಯಗಳು ತುಂಬಿ, ಚಾವೊ ಫ್ರಯಾ ನದಿಯು ದಡ ಮೀರಿ ಹರಿಯಿತು. ದಕ್ಷಿಣ ಪಿನಾಕಿನಿಯ ನೀರಿನಿಂದ ಹೊಸಕೋಟೆ ಕೆರೆ ಕೋಡಿ ಬಿದ್ದುದನ್ನು ಕಂಡವರಿಗೂ ಆ ನೆರೆಯ ಪ್ರಮಾಣವನ್ನು ಊಹಿಸುವುದು ಕಷ್ಟ. 800ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಅಕ್ಟೋಬರ್ ತಿಂಗಳಿನಲ್ಲಿ ಅಯುತ್ಥಯಾ ಮತ್ತು ಪಾಥುಮ್ ಥಾನಿ ಪ್ರಾಂತ್ಯಗಳ ಏಳು ಕೈಗಾರಿಕಾ ವಸಾಹತುಗಳು ಜಲಾವೃತಗೊಂಡವು. ಆ ಕಾಲದಲ್ಲಿ ಜಗತ್ತಿನ ಹಾರ್ಡ್ ಡಿಸ್ಕ್‌ಗಳಲ್ಲಿ ಸುಮಾರು ಶೇ. 40ರಷ್ಟು ಥಾಯ್ಲೆಂಡಿನಲ್ಲಿಯೇ ತಯಾರಾಗುತ್ತಿದ್ದವು. ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ಬಾಂಗ್ ಪಾ-ಇನ್ ಹಾಗೂ ನವನಕೋರ್ನ್ ಕಾರ್ಖಾನೆಗಳು ಮುಳುಗಿದವು. ನೀರಿನಡಿಯಿದ್ದ ಯಂತ್ರಗಳನ್ನು ಹೊರತೆಗೆಯಲು ಮುಳುಗುಗಾರರನ್ನು ನೇಮಿಸಬೇಕಾಯಿತು.

ನೀರು ಇಳಿದರೂ ಕೆಲಸ ಕೂಡಲೇ ಆರಂಭವಾಗಲಿಲ್ಲ. ಹಾರ್ಡ್ ಡಿಸ್ಕ್‌ನೊಳಗೆ ಮಾಹಿತಿಯನ್ನು ಓದಿ ಬರೆಯುವ ಭಾಗವು ತಿರುಗುವ ತಟ್ಟೆಯಿಂದ ಕೂದಲೆಳೆಯ ದಪ್ಪಕ್ಕಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ ಚಲಿಸುತ್ತದೆ. ಒಂದು ಧೂಳಿನ ಕಣ ಸೇರಿದರೂ ತಟ್ಟೆ ಕೆಡುವುದರಿಂದ ಜೋಡಣೆಯು ಧೂಳುರಹಿತ ಕೊಠಡಿಯಲ್ಲಿಯೇ ನಡೆಯಬೇಕು. ಕೆಸರು ತುಂಬಿದ ಅಂತಹ ಕೊಠಡಿಗಳನ್ನು ಮರಳಿ ಶುದ್ಧಗೊಳಿಸುವುದು ಸಣ್ಣ ಕೆಲಸವಲ್ಲ. ಬಾಂಗ್ ಪಾ-ಇನ್‌ನಲ್ಲಿ ಭಾಗಶಃ ಉತ್ಪಾದನೆ ಪುನರಾರಂಭವಾದದ್ದು ನವೆಂಬರ್ ಅಂತ್ಯಕ್ಕೆ.

ಹೆಚ್ಚು ಗಮನಾರ್ಹವಾದ ಸಂಗತಿ ಮತ್ತೊಂದಿದೆ. ಸೀಗೇಟ್ ಸಂಸ್ಥೆಯ ಥಾಯ್ಲೆಂಡ್ ಕಾರ್ಖಾನೆಗಳಿಗೆ ನೀರು ನುಗ್ಗಿರಲಿಲ್ಲ. ಆದರೂ ಅಲ್ಲಿ ಉತ್ಪಾದನೆ ಕುಂಠಿತವಾಯಿತು. ತಟ್ಟೆಯನ್ನು ತಿರುಗಿಸುವ ಪುಟ್ಟ ಮೋಟಾರುಗಳ ಬಹುಪಾಲನ್ನು ಜಗತ್ತಿಗೆ ಒದಗಿಸುತ್ತಿದ್ದುದು ಜಪಾನಿನ ನಿಡೆಕ್ ಎಂಬ ಒಂದೇ ಸಂಸ್ಥೆ, ಅದರ ಘಟಕಗಳೂ ನೆರೆಗೆ ಸಿಲುಕಿದ್ದವು. 2011ರ ಕೊನೆಯ ಮೂರು ತಿಂಗಳಲ್ಲಿ ಜಗತ್ತಿನ ಹಾರ್ಡ್ ಡಿಸ್ಕ್ ಪೂರೈಕೆಯು ಸುಮಾರು ಶೇ. 30ರಷ್ಟು ಇಳಿಯಿತು. ಕೆಲವೇ ವಾರಗಳಲ್ಲಿ ಭಾರತದ ಮಾರುಕಟ್ಟೆಯಲ್ಲಿ ದರ ಸುಮಾರು ಇಮ್ಮಡಿಯಾಯಿತು, ಬೆಂಗಳೂರಿನ ಎಸ್.ಪಿ. ರಸ್ತೆಯೂ ಇದಕ್ಕೆ ಹೊರತಾಗಿರಲಿಲ್ಲ. ದರ ಹೆಚ್ಚಿದ ಸಮಯದಲ್ಲಿಯೇ ತಯಾರಕರು ಹಲವು ಮಾದರಿಗಳ ಖಾತರಿ ಅವಧಿಯನ್ನು ಕಡಿತಗೊಳಿಸಿದ್ದು ಗ್ರಾಹಕರಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು.

ಅದೇ ವರ್ಷದ ಮಾರ್ಚ್ 11ರಂದು ಜಪಾನಿನಲ್ಲಿ ಸಂಭವಿಸಿದ ಭೂಕಂಪ ಮತ್ತು ಸುನಾಮಿಯಿಂದ ತಗಾಜೊ ನಗರದ ಸೋನಿ ಕಾರ್ಖಾನೆಗೆ ನೀರು ನುಗ್ಗಿ, ದೂರದರ್ಶನ ಕಾರ್ಯಕ್ರಮಗಳ ಉನ್ನತ ಗುಣಮಟ್ಟದ ಟೇಪುಗಳಿಗೆ ಅಭಾವ ಉಂಟಾಗಿತ್ತು. 1999ರ ಸೆಪ್ಟೆಂಬರ್‌ನಲ್ಲಿ ತೈವಾನಿನ ಭೂಕಂಪದ ಬಳಿಕ ಸಿಂಚು ಕೈಗಾರಿಕಾ ಪ್ರದೇಶಕ್ಕೆ ವಿದ್ಯುತ್ ಕಡಿತಗೊಂಡಾಗ ಗಣಕಯಂತ್ರದ ಮೆಮೊರಿ ಚಿಪ್‌ಗಳ ಬೆಲೆ ಏರಿತ್ತು. ಕಟ್ಟಡ ಬೀಳದಿದ್ದರೂ ಪೂರೈಕೆ ನಿಲ್ಲಬಹುದು ಎಂಬುದಕ್ಕೆ ಇದು ನಿದರ್ಶನ.

ಸರ್ಕಾರಿ ಕಛೇರಿಗಳಿಗೆ ಇಂತಹ ಅಭಾವವು ಅಂಗಡಿಯ ಗ್ರಾಹಕನಿಗಿಂತ ಭಿನ್ನವಾಗಿ ತಟ್ಟುತ್ತದೆ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಮೇರೆಗೆ ಖರೀದಿಯು ಸಾಮಾನ್ಯವಾಗಿ ಟೆಂಡರ್ ಮೂಲಕ ನಡೆಯತಕ್ಕದ್ದು. ಟೆಂಡರಿನಲ್ಲಿ ನಮೂದಿಸಿದ ದರಕ್ಕಿಂತ ಮಾರುಕಟ್ಟೆಯ ದರ ಇಮ್ಮಡಿಯಾದಲ್ಲಿ ಸರಬರಾಜುದಾರರು ಹಿಂಜರಿಯುತ್ತಾರೆ; ಮರುಟೆಂಡರಿಗೆ ತಿಂಗಳುಗಳು ಬೇಕಾಗುತ್ತವೆ. ಈ ನಡುವೆ ಅವಧಿ ಮೀರಿದ ಹಳೆಯ ಡಿಸ್ಕ್‌ಗಳನ್ನೇ ಓಡಿಸಬೇಕಾಗುತ್ತದೆ. ಈಗಾಗಲೇ ಶೇಖರವಾಗಿರುವ ದಾಖಲೆಗೆ ದೂರದ ನೆರೆಯಿಂದ ಹಾನಿಯಿಲ್ಲ, ಆದರೆ ಅದರ ಎರಡನೇ ಪ್ರತಿ ತಯಾರಾಗುವುದು ತಡವಾಗುತ್ತದೆ. ಆ ಅವಧಿಯಲ್ಲಿ ಡಿಸ್ಕ್ ಕೆಟ್ಟರೆ ನಷ್ಟ ನಿಜವಾದುದು.

ಆದುದರಿಂದ ಎಲ್ಲ ಸಾಧನಗಳನ್ನು ಒಂದೇ ವರ್ಷ ಬದಲಿಸದೆ ಪ್ರತಿ ವರ್ಷ ಒಂದಷ್ಟು ಭಾಗವನ್ನು ಬದಲಿಸುವುದು, ಕೆಲವನ್ನು ದಾಸ್ತಾನಿನಲ್ಲಿರಿಸುವುದು, ಒಂದು ಪ್ರತಿಯನ್ನು ಬೇರೆ ಬಗೆಯ ಸಾಧನದಲ್ಲಿ ಬೇರೆ ಊರಿನಲ್ಲಿ ಇಡುವುದು ಸೂಕ್ತ. ಇಂದು ಹಾರ್ಡ್ ಡಿಸ್ಕ್ ತಯಾರಿಸುವ ಪ್ರಮುಖ ಸಂಸ್ಥೆಗಳು ಮೂರೇ ಆಗಿದ್ದು, ಥಾಯ್ಲೆಂಡ್ ಈಗಲೂ ಅವುಗಳ ಮುಖ್ಯ ನೆಲೆಯಾಗಿದೆ. ಸಾರ್ವಜನಿಕರು ತಮ್ಮ ಮೂಲ ಕ್ರಯಪತ್ರವನ್ನು ಭದ್ರವಾಗಿರಿಸಿಕೊಂಡು, ಅದರ ದಸ್ತಾವೇಜು ಸಂಖ್ಯೆ, ನೋಂದಣಿ ದಿನಾಂಕ ಮತ್ತು ಸಿ.ಡಿ. ಸಂಖ್ಯೆಯನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಂಡಲ್ಲಿ, ಮೂಲಪತ್ರ ಕಳೆದುಹೋದ ಸಂದರ್ಭದಲ್ಲಿ ದೃಢೀಕೃತ ನಕಲನ್ನು ಪಡೆಯಲು ಅನುಕೂಲವಾಗುತ್ತದೆ.