ಮಾರ್‌ಸ್ಟ್ರಾಂಡ್: ಗೋಥೆನ್‌ಬರ್ಗ್‌ನಿಂದ ಒಂದು ವೀಕೆಂಡ್

ಗೋಥೆನ್‌ಬರ್ಗ್‌ನಲ್ಲಿದ್ದೀರಾ? ಶನಿವಾರ, ಭಾನುವಾರ ಎರಡೂ ಬಿಡುವಾ? ಹತ್ತಿರದ ದ್ವೀಪದ ಊರಾದ ಮಾರ್‌ಸ್ಟ್ರಾಂಡ್‌ಗೆ ಹೋಗಿ ಬನ್ನಿ.

ಕಾರು ಬೇಕಾಗಿಲ್ಲ. ನಿಲ್ಸ್ ಎರಿಕ್ಸನ್ ಬಸ್ ನಿಲ್ದಾಣದಿಂದ ಹೆಚ್ಚುಕಮ್ಮಿ ಒಂದು ಗಂಟೆ ದಾರಿ. ಆಮೇಲೆ ಪುಟ್ಟ ಫೆರ್ರಿ, ಕೆಲವೇ ನಿಮಿಷ. ಆಚೆ ದ್ವೀಪದಲ್ಲಿ ಪ್ರವಾಸಿಗರ ಕಾರುಗಳಿಗೆ ಜಾಗವೇ ಇಲ್ಲ. ಮಕ್ಕಳ ಕೈ ಬಿಟ್ಟು ನಡೆಯಬಹುದಾದ ಊರು!

ಮೊದಲು ಗುಡ್ಡದ ಮೇಲಿನ ಕಾರ್ಲ್‌ಸ್ಟೆನ್ ಕೋಟೆ ಹತ್ತಿ. 1658ರಲ್ಲಿ ರೋಸ್ಕಿಲ್ಡ್ ಒಪ್ಪಂದದಿಂದ ಈ ಕರಾವಳಿ ಸ್ವೀಡನ್‌ಗೆ ಸೇರಿತು. ಅದನ್ನು ಉಳಿಸಿಕೊಳ್ಳೋಕೆ ಕಟ್ಟಿದ ಕೋಟೆ ಇದು. ಕಟ್ಟೋಕೆ ದುಡಿದವರಲ್ಲಿ ಕೈದಿಗಳೂ ಇದ್ದರು. ಹೆಣ್ಣಿನ ವೇಷ ಹಾಕಿ ಕದಿಯುತ್ತಿದ್ದ ಲಸ್ಸೆ-ಮಾಯಾ ಎಂಬ ಕಳ್ಳ ಇಲ್ಲೇ ಸೆರೆಯಲ್ಲಿದ್ದ, ಅಡುಗೆಯನ್ನೂ ಮಾಡುತ್ತಿದ್ದ. ಅವನ ಕಥೆ ಕೇಳದೆ ಇಳಿಯಬೇಡಿ.

ಆಮೇಲೆ ದ್ವೀಪದ ಸುತ್ತ ಕಾಲುದಾರಿ ಹಿಡಿಯಿರಿ. ಒಂದು ಕಡೆ ಬಂಡೆಗಳ ನಡುವೆ ಸೂಜಿಗಣ್ಣು ಅನ್ನೋ ಕಿರಿದಾದ ಸಂದಿ ಸಿಗುತ್ತೆ. ಬ್ಯಾಗು ಕೈಯಲ್ಲಿ ಹಿಡಿದು, ಮೈ ಕುಗ್ಗಿಸಿ ನುಸುಳಬೇಕು. ನನಗೆ ಇಡೀ ಊರಲ್ಲಿ ಅತಿ ಇಷ್ಟದ ಜಾಗ ಇದೇ.

ಜುಲೈನಲ್ಲಿ ಹಾಯಿದೋಣಿಯವರ ನೂಕುನುಗ್ಗಲು, ರೂಮೂ ದುಬಾರಿ. ಆಗಸ್ಟ್ ಕೊನೆ ವಾಸಿ: ಜನ ಕಮ್ಮಿ, ನೀರು ಇನ್ನೂ ಈಜೋ ಹಾಗಿರುತ್ತೆ. ಚಳಿಗಾಲದಲ್ಲಿ ಎಷ್ಟೋ ಹೋಟೆಲು, ಕೆಫೆ ಬಾಗಿಲು ಹಾಕಿರುತ್ತವೆ.

ಊಟಕ್ಕೆ ಇಲ್ಲಿ ಮೀನು, ಸೀಗಡಿಯದೇ ಜೋರು. ಸಸ್ಯಾಹಾರಿಗಳು ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಬಂಡೆ ಮೇಲೆ ಕೂತು ತಿನ್ನಿ. ಗಾಳಿ ತಡೆಯೋ ಜಾಕೆಟ್ ಬೇಸಿಗೆಯಲ್ಲೂ ಬೇಕು. ವಾಪಸ್ ಕೊನೆ ಬಸ್ ಎಷ್ಟೊತ್ತಿಗೆ ಅಂತ ಇಲ್ಲಿನ ಸಾರಿಗೆ ಸಂಸ್ಥೆಯಾದ ವೆಸ್ಟ್‌ಟ್ರಾಫಿಕ್ ಆ್ಯಪ್‌ನಲ್ಲಿ ಮೊದಲೇ ನೋಡಿಡಿ.