‘ಗೊಡ್ಡು’ ಎನ್ನುವ ಮೊದಲು

ನಾನು ಪಶುವೈದ್ಯನಲ್ಲ, ಮೂರು ದಶಕಗಳ ಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು. ಆಕಳು ಗಬ್ಬವಾಗುವ ವಿಷಯವನ್ನು ಕುರಿತು ಮಾತನಾಡಲು ಇವನಿಗೇನು ಅಧಿಕಾರವೆಂದು ಶ್ರೋತೃಗಳು ಕೇಳಬಹುದು. ಒಂದು ಶಬ್ದದ ಮೇಲೆ ನನಗಿರುವ ಸಿಟ್ಟೇ ನನ್ನ ಅಧಿಕಾರ. ಆ ಶಬ್ದ ‘ಗೊಡ್ಡು’. ಹುರುಳಿಲ್ಲದ ಮಾತನ್ನು ಗೊಡ್ಡು ಮಾತೆನ್ನುತ್ತೇವೆ. ಸತ್ವಗುಂದಿದ ಆಚಾರವನ್ನು ಗೊಡ್ಡು ಆಚಾರವೆನ್ನುತ್ತೇವೆ. ಅದೇ ಶಬ್ದವನ್ನು ಒಂದು ಆಕಳಿಗೆ ಅಂಟಿಸಿದೆವೆಂದರೆ ಅದಕ್ಕೆ ಉಳಿಯುವುದು ಸಂತೆಯ ದಾರಿಯೊಂದೇ.

ನಾನು ಹುಟ್ಟಿದ್ದು ಗೋಕಾಕ ತಾಲೂಕಿನ ಒಂದು ಹಳ್ಳಿಯಲ್ಲಿ. ಘಟಪ್ರಭೆಯ ಕಾಲುವೆಯನ್ನು ನಂಬಿದ ಕಬ್ಬಿನ ಸೀಮೆ ಅದು. 1970ರ ದಶಕದಲ್ಲಿ ನಮ್ಮ ಮನೆಯಲ್ಲೊಂದು ಕೆಂಪು ಆಕಳಿತ್ತು. ಎರಡು ಕರು ಹಾಕಿದ ಮೇಲೆ ಒಂದೂವರೆ ವರ್ಷ ಕಳೆದರೂ ಅದು ಗಬ್ಬವಾಗಲಿಲ್ಲ. ಅಪ್ಪ ಅದನ್ನು ಮೂಡಲಗಿಯ ದನದ ಸಂತೆಗೆ ಹೊಡೆದುಕೊಂಡು ಹೋಗಿ ಬಂದಷ್ಟಕ್ಕೆ ಮಾರಿ ಬಂದರು. ಮೂಡಲಗಿ ಆಗಿನ್ನೂ ಗೋಕಾಕ ತಾಲೂಕಿನಲ್ಲಿಯೇ ಇತ್ತು. ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮರುವರ್ಷ ಜಾತ್ರೆಯಲ್ಲಿ ಆಕಳನ್ನು ಕೊಂಡಿದ್ದ ಹುಕ್ಕೇರಿ ಕಡೆಯ ರೈತ ಭೇಟಿಯಾಗಿ, ಅದು ಹೆಣ್ಣುಗರು ಹಾಕಿತೆಂದು ತಿಳಿಸಿದ. ಏನು ಮಾಡಿದೆಯೆಂದು ಅಪ್ಪ ಕೇಳಿದರು. ‘ಏನೂ ಮಾಡಿಲ್ರಿ ಯಜಮಾನ್ರ. ಹೊಟ್ಟಿ ತುಂಬ ಛಲೋ ಮೇವು ಹಾಕೀನಿ, ನಸುಕಿನ್ಯಾಗ ಎದ್ದು ನೋಡೀನಿ’ ಎಂದ.

ಆ ಎರಡು ಮಾತುಗಳ ಬೆಲೆ ನನಗೆ ತಿಳಿದದ್ದು ನಿವೃತ್ತನಾಗಿ ಊರಿಗೆ ಮರಳಿ, ನಾನೇ ಎರಡು ಆಕಳು ಕಟ್ಟಿದ ಮೇಲೆ.

ಮೊದಲು ನೋಡುವ ಮಾತು. ಆಕಳು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆ ಇರುವುದು ಸಾಮಾನ್ಯವಾಗಿ 12ರಿಂದ 18 ಗಂಟೆ; ಅನೇಕ ವೇಳೆ ಅದು ರಾತ್ರಿಯಲ್ಲೋ ನಸುಕಿನಲ್ಲೋ ಕಾಣಿಸಿಕೊಳ್ಳುತ್ತದೆ. ಆಕಳು ಕೂಗುತ್ತದೆ, ಮೇವು ಬಿಡುತ್ತದೆ, ಹಾಲು ಕಡಿಮೆ ಮಾಡುತ್ತದೆ. ಬೇರೆ ದನ ಮೈಮೇಲೆ ಹಾರಿದರೆ ಅಲುಗದೆ ನಿಲ್ಲುತ್ತದೆ. ಗಾಜಿನಂತೆ ತಿಳಿಯಾದ ಲೋಳೆ ಎಳೆಯಾಗಿ ಇಳಿಯುತ್ತದೆ. ಕತ್ತಲೆಯ ಕೊಟ್ಟಿಗೆಯಲ್ಲಿ ಒಂಟಿಯಾಗಿ ಕಟ್ಟಿಹಾಕಿದ ದನ ಇದನ್ನೆಲ್ಲ ಯಾರಿಗೆ ತೋರಿಸೀತು? ಎಮ್ಮೆಯದಂತೂ, ಅದರಲ್ಲಿಯೂ ಬೇಸಿಗೆಯಲ್ಲಿ, ಹೆಚ್ಚಾಗಿ ಮೂಕಬೆದೆ. ಅಂಡ ಬಿಡುಗಡೆಯಾಗುವುದು ಬೆದೆ ಮುಗಿದು ಸುಮಾರು 10–12 ಗಂಟೆಗಳ ನಂತರ. ಆದ್ದರಿಂದಲೇ ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕೆಂಬ ನಿಯಮ. ಹದ ತಪ್ಪಿಸಿ ಬಿತ್ತಿದ ಹೊಲದಲ್ಲಿ ಬೆಳೆ ಏಳದಿದ್ದರೆ ಯಾವ ರೈತನೂ ಆ ಹೊಲವನ್ನು ಬಂಜರೆನ್ನುವುದಿಲ್ಲ. ಆಕಳನ್ನು ಮಾತ್ರ ಅನ್ನುತ್ತೇವೆ.

ಕೃತಕ ಗರ್ಭಧಾರಣೆ ನಮ್ಮ ನಾಡಿಗೆ ಹೊಸದಲ್ಲ. ಭಾರತದಲ್ಲಿ ಅದು ಮೊದಲು ನಡೆದದ್ದೇ 1939ರಲ್ಲಿ, ಮೈಸೂರಿನ ಅರಮನೆಯ ಡೈರಿಯಲ್ಲಿ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಆಕಳುಗಳಲ್ಲಿ ಅದನ್ನು ಸಾಧಿಸಿದರು. ಇಂದು ವೀರ್ಯದ ಕಡ್ಡಿಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹಳ್ಳಿ ಹಳ್ಳಿಗೆ ಬರುತ್ತವೆ. ಆದರೆ ಬೆದೆಯ ವೇಳೆಯನ್ನು ನೋಡಿ ತಿಳಿಸಬೇಕಾದವರು ನಾವೇ.

ಇನ್ನು ಮೇವಿನ ಮಾತು. ಕರು ಹಾಕಿದ ಹೊಸದರಲ್ಲಿ ಹೆಚ್ಚು ಹಾಲು ಕೊಡುವ ಮಿಶ್ರತಳಿಯ ಆಕಳು, ತಿಂದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಹಾಲಿಗೆ ಸುರಿಯುತ್ತದೆ. ಮೈ ಸೊರಗಿದಾಗ ಬೆದೆ ಮುಂದಕ್ಕೆ ಹೋಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಕಬ್ಬು ಕಡಿಯುವ ಕಾಲಕ್ಕೆ ಹಸಿರು ಸೋಗೆ ಧಾರಾಳ. ಅದರಿಂದ ಹೊಟ್ಟೆ ತುಂಬುತ್ತದೆ ನಿಜ. ಆದರೆ ಅದರಲ್ಲಿ ಸಸಾರಜನಕ ಕಡಿಮೆ, ಮೇಲಾಗಿ ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಸುಣ್ಣದ ಸತ್ವವನ್ನು ಮೈಗೆ ಹತ್ತಗೊಡುವುದಿಲ್ಲ. ಸೋಗೆಯ ಜೊತೆಗೆ ಜೋಳದ ಕಣಿಕೆ, ದ್ವಿದಳ ಮೇವು, ಹಿಂಡಿ, ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಬೇಕು. ಬೆದೆಗೇ ಬಾರದ ಅನೇಕ ಆಕಳುಗಳ ಮೊದಲ ಔಷಧ ಗೋದಲಿಯಲ್ಲಿದೆ.

ಇವೆರಡೂ ಸರಿಯಿದ್ದು, ಮೂರು ಸಲ ಮಾಡಿಸಿಯೂ ಗರ್ಭ ನಿಲ್ಲದಿದ್ದರೆ, ಅಥವಾ ಲೋಳೆ ಕೀವಿನಂತೆ ಮಬ್ಬಾಗಿದ್ದರೆ, ವೈದ್ಯರು ಗರ್ಭಕೋಶವನ್ನು ಪರೀಕ್ಷಿಸಬೇಕು. ಕರು ಹಾಕಿ 12 ಗಂಟೆಗಳಾದರೂ ಮಾಸು ಬೀಳದಿದ್ದರೆ ಅದನ್ನು ಎಳೆಯಲೂ ಬಾರದು, ಅದಕ್ಕೆ ಕಲ್ಲು ಕಟ್ಟಲೂ ಬಾರದು, ವೈದ್ಯರನ್ನು ಕರೆಸಬೇಕು. ಐದು ತಿಂಗಳು ಕಳೆದ ಮೇಲೆ ಆಕಳು ಕಂದು ಹಾಕಿದರೆ ಬ್ರುಸೆಲ್ಲೋಸಿಸ್ ಇರಬಹುದು. ಅದು ಮನುಷ್ಯರಿಗೂ ತಗಲುವ ರೋಗ. ಕಂದನ್ನೂ ಮಾಸನ್ನೂ ಬರಿಗೈಯಿಂದ ಮುಟ್ಟದೆ ಆಳವಾಗಿ ಹೂಳಬೇಕು. ಹಾಲನ್ನು ಕಾಯಿಸದೆ ಕುಡಿಯಬಾರದು. ಹೆಣ್ಣುಗರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಇದರ ಲಸಿಕೆ ಹಾಕಿಸಬೇಕು.

ನಿಜವಾದ ಬಂಜೆತನ ಇಲ್ಲವೆಂದಲ್ಲ. ಹೋರಿಗರುವಿನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಬಹುಮಟ್ಟಿಗೆ ಗಬ್ಬವಾಗುವುದಿಲ್ಲ. ಆದರೆ ಅಂಥವು ವಿರಳ.

ಇಷ್ಟೆಲ್ಲ ಓದಿಕೊಂಡ ನಾನೂ ಹೋದ ವರ್ಷ ಎಡವಿದೆ. ನನ್ನ ಒಂದು ಆಕಳು ಎರಡು ಸಲ ಮಾಡಿಸಿದರೂ ಗರ್ಭ ನಿಲ್ಲಿಸದಿದ್ದಾಗ ‘ಗೊಡ್ಡು’ ಎಂಬ ಶಬ್ದ ನನ್ನ ಬಾಯಿಂದಲೇ ಹೊರಟಿತು. ನನ್ನ ಹೆಂಡತಿ ಏನೂ ಅನ್ನದೆ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಎರಡು ಸಲವೂ ಬೆದೆ ಕಂಡದ್ದು ಮುಂಜಾನೆ. ಸೋಮಾರಿತನದಿಂದ ನಾನು ಕರೆ ಮಾಡಿದ್ದು ಮರುದಿನ ಮಧ್ಯಾಹ್ನ. ಮೂರನೆಯ ಸಲ ಹೊತ್ತಿಗೆ ಸರಿಯಾಗಿ ಮಾಡಿಸಿದೆವು. ಮೂರು ತಿಂಗಳ ಮೇಲೆ ಪರೀಕ್ಷಿಸಿದ ವೈದ್ಯರು ಗಬ್ಬವೆಂದರು.

ಕರು ಹಾಕಿದ ದಿನ, ಬೆದೆ ಕಂಡ ಹೊತ್ತು, ಗರ್ಭಧಾರಣೆಯ ಹೊತ್ತು: ಈ ಮೂರನ್ನು ಗೋಡೆಯ ಮೇಲೆ ಬರೆದಿಡಿರಿ. ಆಕಳು ಗರ್ಭ ಹೊರುವುದು ಸುಮಾರು 280 ದಿನ; ಕರು ಹಾಕಿ ಮೂರು ತಿಂಗಳೊಳಗೆ ಮತ್ತೆ ಗಬ್ಬವಾದರೆ ವರ್ಷಕ್ಕೊಂದು ಕರು. ತಪ್ಪಿದ ಒಂದೊಂದು ಬೆದೆಗೂ 21 ದಿನಗಳ ನಷ್ಟ. ನಮ್ಮ ಮನೆಯ ಗೋಡೆಯ ಮೇಲೆ ಅಂದು ಅಂಥ ಮೂರು ಗೆರೆಗಳಿದ್ದಿದ್ದರೆ, ಅವ್ವನ ಕೆಂಪು ಆಕಳು ಮೂಡಲಗಿಯ ದಾರಿ ಹಿಡಿಯುತ್ತಿರಲಿಲ್ಲ.