ನಿಮಗಿದು ಗೊತ್ತೆ? ಜೊತೆಗಾರ ಹೊರದೇಶದವನೇ ಆಗಬೇಕು!

ಯುರೋಪಿನ ಸಣ್ಣ ಉದ್ಯಮಗಳ ಸಂಶೋಧನೆಗೆ ಸರ್ಕಾರಿ ನೆರವು ಕೊಡಿಸುವ ‘ಯುರೋಸ್ಟಾರ್ಸ್’ ಯೋಜನೆಗೆ ಒಬ್ಬರೇ ಅರ್ಜಿ ಹಾಕುವಂತಿಲ್ಲ. ಕನಿಷ್ಠ ಎರಡು ದೇಶಗಳ ಸಂಸ್ಥೆಗಳು ಕೈಜೋಡಿಸಬೇಕು. ವಿಶ್ವವಿದ್ಯಾಲಯಗಳೂ ದೊಡ್ಡ ಕಂಪನಿಗಳೂ ಸೇರಬಹುದು, ಆದರೆ ಮುಂದಾಳತ್ವ 250ಕ್ಕಿಂತ ಕಡಿಮೆ ನೌಕರರಿರುವ ಉದ್ಯಮದ್ದೇ.

ಹಣದ ಏರ್ಪಾಡು ಇನ್ನೂ ಸ್ವಾರಸ್ಯಕರ. ಡೆನ್ಮಾರ್ಕಿನ ಕಂಪನಿಗೆ ಡೆನ್ಮಾರ್ಕ್, ಸ್ಪೇನಿನ ಕಂಪನಿಗೆ ಸ್ಪೇನ್ ಹಣ ಕೊಡುತ್ತದೆ. ಐರೋಪ್ಯ ಒಕ್ಕೂಟ ತನ್ನ ಪಾಲು ಸೇರಿಸುತ್ತದೆ. ಒಟ್ಟು ವೆಚ್ಚದಲ್ಲಿ ಯಾವ ದೇಶದ ಪಾಲೂ ಶೇ 70 ಮೀರಬಾರದು. ಹೆಸರಿಗಷ್ಟೇ ಪಾಲುದಾರರನ್ನು ತೋರಿಸುವುದನ್ನು ತಡೆಯುವ ಈ ನಿಯಮ ನಿಜಕ್ಕೂ ಜಾಣತನದ್ದು.

ಸಂಶೋಧನೆ 3 ವರ್ಷದೊಳಗೆ ಮುಗಿಯಬೇಕು; ನಂತರದ 2 ವರ್ಷದೊಳಗೆ ಅದರ ಫಲ ಮಾರುಕಟ್ಟೆಗೆ ಬರಬೇಕು. ರಕ್ಷಣಾ ಉದ್ದೇಶದ ಸಂಶೋಧನೆಗೆ ಇಲ್ಲಿ ಜಾಗವಿಲ್ಲ. ಯೋಜನೆಯನ್ನು ನಡೆಸುತ್ತಿರುವ ‘ಯುರೇಕಾ’ ಜಾಲ ಸ್ಥಾಪನೆಯಾದದ್ದು 1985ರಲ್ಲಿ.